ಮಂಜಿನ ದಿನವೇ ಮನೆ ತೋರಿಸುತ್ತಿದ್ದ ಕೀಲಿ ಅತ್ತೆ

ಕೀಲಿ ಅತ್ತೆ ತೀರಿಕೊಂಡ ವಾರ ಊರಿನ ಎಷ್ಟೋ ಮನೆಗಳ ಬಾಗಿಲು ತೆರೆಯುವವರೇ ಇಲ್ಲದಂತಾಯಿತು. ಕೀಲಿಗಳೇನೋ ಇದ್ದವು. ಗೊಂಚಲು ಅವರ ಅಡುಗೆಮನೆಯ ಮೊಳೆಯಲ್ಲೇ ತೂಗುತ್ತಿತ್ತು. ಯಾವುದು ಯಾವ ಮನೆಯದೆಂದು ಮಾತ್ರ ಅವರೊಬ್ಬರಿಗೇ ಗೊತ್ತಿತ್ತು. ಒಂದಕ್ಕೂ ಚೀಟಿ ಕಟ್ಟಿರಲಿಲ್ಲ. ಯಾರಾದರೂ ಕೇಳಿದರೆ, "ಮಕ್ಕಳ ಹಣೆ ಮೇಲೆ ಹೆಸರು ಬರೆದು ಅಂಟಿಸ್ತಾರೇನ್ರೀ?" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಬೆಟ್ಟದ ಮೇಲಿನ ಊರು ಅದು. ರಸ್ತೆಯೆಂದರೆ ಏರು, ಇಲ್ಲವೇ ಇಳಿಜಾರು. ಸಪಾಟು ನೆಲ ಬೇಕೆಂದರೆ ಎಲ್ಲಕ್ಕಿಂತ ಮೇಲಿರುವ ಆಟದ ಬಯಲಿಗೇ ಹೋಗಬೇಕು. ಮನೆಗಳು ಒಂದರ ಹೆಗಲ ಮೇಲಿಂದ ಇನ್ನೊಂದು ಇಣುಕುವಂತೆ ನಿಂತಿವೆ. ಅವುಗಳಲ್ಲಿ ಅನೇಕ ಮನೆಗಳ ಮಾಲೀಕರು ಬೇರೆಲ್ಲೋ ಇರುತ್ತಾರೆ. ಆ ಮನೆಗಳಿಗೆ ಗಾಳಿಯಾಡಿಸುವುದು, ಸೋರುವಲ್ಲಿ ಬಕೆಟ್ಟು ಇಡುವುದು, ತಕ್ಕವರು ಸಿಕ್ಕರೆ ಬಾಡಿಗೆಗೆ ಕೊಡಿಸುವುದು ಅತ್ತೆಯ ಕೆಲಸ. ಗಂಡ ಇದ್ದಾಗ ಹೊತ್ತು ಕಳೆಯಲು ಹಿಡಿದ ಕೆಲಸ, ಗಂಡ ಹೋದ ಮೇಲೆ ಅದೇ ಬದುಕಾಯಿತು. ಸೊಂಟದಲ್ಲಿ ಗೊಂಚಲು ಸಿಕ್ಕಿಸಿಕೊಂಡು ಅವರು ಬೀದಿಯಲ್ಲಿ ಬಂದರೆ, ಮೊದಲು ಕೀಲಿ ಬರುತ್ತಿತ್ತು, ಆಮೇಲೆ ಅತ್ತೆ ಬರುತ್ತಿದ್ದರು. ದೊಡ್ಡವರು ಚಿಕ್ಕವರೆನ್ನದೆ ಎಲ್ಲರಿಗೂ ಅವರು ಅತ್ತೆಯೇ.

ಹೊಸದಾಗಿ ಮದುವೆಯಾಗಿ ಈ ಊರಿಗೆ ಬಂದಾಗ ಅವರನ್ನೂ ಯಾರೋ ಬಾಡಿಗೆಗೆ ಒಂದು ಮನೆ ತೋರಿಸಲು ಕರೆದೊಯ್ದಿದ್ದರು. ಒಳ್ಳೆಯ ಬಿಸಿಲು, ಅಂಗಳದ ತುಂಬ ಹೂವು. ಪಂಪ್‌ಹೌಸಿನಲ್ಲಿ ಫಿಟ್ಟರಾಗಿದ್ದ ಗಂಡ ಕೂಡಲೇ ಒಪ್ಪಿಬಿಟ್ಟ. ಮಳೆ ಹಿಡಿದದ್ದೇ ತಡ, ಡಬ್ಬಿಯಲ್ಲಿದ್ದ ಉಪ್ಪು ನೀರಾಯಿತು, ಚಪ್ಪಲಿಗೆ ಬೂಷ್ಟು ಬಂತು, ಒಗೆದ ಬಟ್ಟೆ ವಾರವಾದರೂ ಒಣಗದೆ ಮುಗ್ಗಲು ವಾಸನೆ ಹಿಡಿಯಿತು. ಹುಡುಗಿ ಒಲೆಯ ಮುಂದೆ ಕೂತು ಅತ್ತಳು. ಕಡೆಗೊಂದು ಬೆಳಗ್ಗೆ ಸಿಟ್ಟು ಬಂದು, ಬೀಗವನ್ನೂ ಹಾಕದೆ, ಸುಮ್ಮನೆ ಏರು ಹತ್ತುತ್ತಾ ಹೋದಳು. ಆಟದ ಬಯಲಿಗೆ ಬಂದಾಗ ಮಳೆ ನಿಂತಿತ್ತು. ಬಯಲಿನಂಚಿನ ಮೋಟು ಗೋಡೆಯಾಚೆ ನೋಡಿದರೆ ಊರೇ ಇಲ್ಲ. ಮೋಡ ಕೆಳಗಿತ್ತು. ಅವಳು ಮೇಲಿದ್ದಳು. ಬಿಳಿಯ ಮೋಡ ಕಾಲಡಿಯಲ್ಲಿ ನಿಧಾನವಾಗಿ ಉಸಿರಾಡುತ್ತಿತ್ತು. "ಮೋಡಾನ ನಾನು ಯಾವಾಗಲೂ ಕತ್ತೆತ್ತಿ ನೋಡಿದವಳು. ಅವತ್ತು ಕತ್ತು ಬಗ್ಗಿಸಿ ನೋಡಿದೆ. ಗೋಡೆ ಹಿಡ್ಕೊಂಡು ನಿಂತೋಳು ಹಸಿವಾಗೋವರೆಗೂ ಅಲ್ಲಾಡಲಿಲ್ಲ" ಎಂದು ಹೇಳುವಾಗ, ಇಷ್ಟು ವರ್ಷಗಳ ಮೇಲೂ ಅವರ ದನಿ ತಗ್ಗುತ್ತಿತ್ತು.

ಹೀಗೆ ಊರು ಅವರನ್ನು ಮೊದಲು ಅಳಿಸಿತು, ಆಮೇಲೆ ಹಿಡಿದುಕೊಂಡಿತು. ಅವರು ಮನೆ ತೋರಿಸುವ ಕ್ರಮ ಹುಟ್ಟಿದ್ದೂ ಅಲ್ಲಿಂದಲೇ. ಬಿಸಿಲಿನ ದಿನ ಅತ್ತೆ ಯಾರಿಗೂ ಮನೆ ತೋರಿಸುತ್ತಿರಲಿಲ್ಲ. ಮಂಜು ಕವಿಯಬೇಕು, ಇಲ್ಲವೇ ಗಾಳಿ ಮಳೆಯಿರಬೇಕು, ಕರೆಂಟು ಹೋಗಿದ್ದರೆ ಇನ್ನೂ ಒಳ್ಳೆಯದು. "ಬಿಸಿಲಲ್ಲಿ ಎಲ್ಲಾ ಊರೂ ಚೆಂದ. ಕೆಟ್ಟ ದಿನ ನೋಡಿ ಯಾರು 'ಹೂಂ' ಅಂತಾರೋ ಅವರು ಇರ್ತಾರೆ. ಮಿಕ್ಕೋರು ಬಂದು ಹೋಗೋರು."

"ಅತ್ತೆ, ನೀವು ಹೀಗೆ ಮನೆ ತೋರಿಸ್ತಾ ಇದ್ರೆ ಕರಡಿಗಳೇ ಬಾಡಿಗೆಗೆ ಬರಬೇಕು" ಎಂದು ತಿರುವಿನ ಬೇಕರಿಯವನು ಛೇಡಿಸುತ್ತಿದ್ದ.

"ಬರಲಿ ಬಿಡೋ. ನಿನ್ನ ಬ್ರೆಡ್ಡು ಅಗಿಯೋಕೆ ಹಲ್ಲು ಗಟ್ಟಿ ಇರೋರೇ ಬೇಕು."

ಮನೆ ಕೇಳಿ ಬಂದವರು ಎಲ್ಲಿಯವರೇ ಆಗಿರಲಿ, ಮೂರು ಮಾತು ಕೇಳಿಯೇ ಕೇಳುತ್ತಿದ್ದರು: ಹವೆ ಹೇಗೆ, ಹೊತ್ತು ಹೇಗೆ ಹೋಗುತ್ತದೆ, ಭಯ ಗಿಯ ಏನಾದರೂ ಇದೆಯಾ. ಒಮ್ಮೆ ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರು ಹೆಂಡತಿಯೊಡನೆ ಬಂದರು. ಆಕಾಶ ತೊಳೆದಿಟ್ಟ ಹಾಗಿತ್ತು. ಅತ್ತೆ ಇಬ್ಬರಿಗೂ ಟೀ ಕೊಟ್ಟು, "ಇವತ್ತಾಗಲ್ಲ. ಹವೆ ಚೆನ್ನಾಗಿದೆ" ಎಂದರು.

"ಚೆನ್ನಾಗಿದ್ರೆ ತೋರಿಸಬಾರದಾ?" ಮ್ಯಾನೇಜರು ಹೆಂಡತಿಯ ಮುಖ ನೋಡಿದರು.

"ಚೆನ್ನಾಗಿರೋದನ್ನ ತೋರಿಸೋಕೆ ನಾನ್ಯಾಕೆ? ನಿಮಗೇ ಕಾಣ್ತಿದೆಯಲ್ಲ."

ಇಬ್ಬರೂ ಲಾಡ್ಜಿನಲ್ಲಿ ಉಳಿದರು. ಆಲಿಕಲ್ಲು ಬಿದ್ದ ದಿನ ಅತ್ತೆ ಅವರ ಕೋಣೆಯ ಬಾಗಿಲು ಬಡಿದರು. "ಏಳಿ ಏಳಿ, ಮನೆ ನೋಡೋಣ!" ಕಿಟಕಿಗಳು ಪಟಪಟನೆ ಬಡಿದುಕೊಳ್ಳುತ್ತಿದ್ದ ಖಾಲಿ ಮನೆಯಲ್ಲಿ ಅವರಿಬ್ಬರನ್ನು ಕುರ್ಚಿ ಹಾಕಿ ಕೂರಿಸಿ, ಟೀ ಕಾಯಿಸುವ ನೆಪದಲ್ಲಿ ಒಳಗೆ ಹೋಗಿ ಬೇಕೆಂತಲೇ ತಡ ಮಾಡಿದರು. ಬಂದು ನೋಡಿದರೆ ಮ್ಯಾನೇಜರು ಫೋನು ಎತ್ತಿ ಹಿಡಿದು ಸಿಗ್ನಲ್ಲಿಗಾಗಿ ಕೋಣೆಯಿಂದ ಕೋಣೆಗೆ ಅಲೆಯುತ್ತಿದ್ದಾರೆ. ಹೆಂಡತಿ ಮಾತ್ರ ಕೂತಲ್ಲೇ ಕೂತು, ಕಿಟಕಿಯ ಸಂದಿಯಿಂದ ಒಳಬರುತ್ತಿದ್ದ ಮೋಡದ ಎಳೆಯನ್ನು ಬಾಯಿ ತೆರೆದು ನೋಡುತ್ತಿದ್ದಾರೆ.

"ಅಮ್ಮನಿಗೆ ಊರು ಒಗ್ಗುತ್ತೆ. ನಿಮ್ಮದು ಕಷ್ಟ" ಎಂದರು ಅತ್ತೆ.

"ಅದಿರಲಿ, ಕಳ್ಳರ ಕಾಟ ಹೇಗೆ?"

"ಈ ಏರು ಹತ್ತಿ ಬಂದ ಕಳ್ಳ ಮೊದಲು ಕುಡಿಯೋಕೆ ನೀರು ಕೇಳ್ತಾನೆ ಸಾರ್. ಭಯ ಪಡಬೇಕಾದ್ದು ತಿರುವಿಗೆ. ಮಂಜಿನ ದಿನ ಕಂಬಿ ಹಿಡ್ಕೊಂಡು, 'ಎಡಗಡೆ ಇದ್ದೀನಿ, ಎಡಗಡೆ ಇದ್ದೀನಿ' ಅಂತ ಹೇಳ್ಕೊಂಡೇ ನಡೀಬೇಕು. ನಾಚಿಕೆ ಪಟ್ಕೊಂಡು ಬಾಯಿ ಮುಚ್ಕೊಂಡ್ರೆ ಯಾರಾದ್ರೂ ಗುದ್ದಿಬಿಡ್ತಾರೆ."

ಆ ದಂಪತಿ ಮನೆ ಹಿಡಿದರು. ಮ್ಯಾನೇಜರು ಇಂದಿಗೂ ಸಿಗ್ನಲ್ ಹುಡುಕುತ್ತಿದ್ದಾರೆ.

ಎಲ್ಲರ ವಿಷಯದಲ್ಲೂ ಇಷ್ಟು ಕಟ್ಟುನಿಟ್ಟಾಗಿದ್ದ ಅತ್ತೆ ಒಬ್ಬರ ವಿಷಯದಲ್ಲಿ ಮಾತ್ರ ಕ್ರಮ ತಪ್ಪಿದರು. ಅವಳು ಅವರ ಒಡಹುಟ್ಟಿದ ತಂಗಿ.

ತಂಗಿ ಕೆಳಗಿನ ನಗರದಲ್ಲಿ ಅಣ್ಣನ ಮನೆಯಲ್ಲಿದ್ದಳು. ಜೀವನವೆಲ್ಲ ಟೈಲರ್ ಕೆಲಸ ಮಾಡಿದವಳು, ಮದುವೆಯ ಗೋಜಿಗೆ ಹೋಗದವಳು. ಕಣ್ಣಿನ ನರ ಒಣಗುತ್ತಾ ಬಂದು, ಮೊದಲು ಸೂಜಿಯ ಕಣ್ಣು ಮಾಯವಾಯಿತು, ಆಮೇಲೆ ಸೂಜಿ, ಆಮೇಲೆ ಎದುರಿಗೆ ನಿಂತವರ ಮುಖ. ಈಗ ಬೆಳಕು ಯಾವ ಕಡೆಯಿದೆ ಎಂಬುದಷ್ಟು ತಿಳಿಯುತ್ತಿತ್ತು. ಅಣ್ಣ ಒಳ್ಳೆಯವನು, ಅತ್ತಿಗೆ ಅವನಿಗಿಂತ ಒಳ್ಳೆಯವಳು. ಕಷ್ಟ ಇದ್ದದ್ದೇ ಅಲ್ಲಿ. ಅವಳು ಎದ್ದರೆ ಕೈ ಹಿಡಿಯುತ್ತಿದ್ದರು, ಬಾಗಿಲ ಹತ್ತಿರ ಹೋದರೆ "ಎಲ್ಲಿಗೆ, ಏನು ಬೇಕು, ನಾವು ತರ್ತೀವಿ" ಎಂದು ಓಡಿ ಬರುತ್ತಿದ್ದರು. ಒಂದು ದಿನ ತಂಗಿ ಅಕ್ಕನಿಗೆ ಫೋನು ಮಾಡಿದಳು.

"ಅಕ್ಕಾ, ನಿನ್ನ ಊರು ನನಗಾಗುತ್ತಾ? ಹೌದು ಅಥವಾ ಇಲ್ಲ ಅಂತ ಹೇಳು. ಸುಳ್ಳು ಹೇಳಬೇಡ."

"ಏನು ಬೇಕು ನಿನಗೆ ಊರಲ್ಲಿ?"

"ನಾನೊಬ್ಬಳೇ ಹೋಗಿ ಹಾಲು ತರೋ ಹಾಗಿರಬೇಕು. ಅಷ್ಟೇ. ಅದಾಗದಿದ್ರೆ ಅಲ್ಲೇನು, ಇಲ್ಲೇನು."

ಅತ್ತೆಗೆ ಆಗಲೇ ಮೊಣಕಾಲು ನೋವು. ಮನೆಯಲ್ಲಿ ಮಾತಾಡಲು ಕೀಲಿಗೊಂಚಲೊಂದೇ. ತಂಗಿ ಬರಬೇಕೆಂಬ ಆಸೆ ಎಷ್ಟಿತ್ತೆಂದರೆ, ಅವರು ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. "ಬಂದು ನೋಡು" ಎಂದರು. ಮತ್ತೆ, ವರ್ಷದಲ್ಲೇ ಎಲ್ಲಕ್ಕಿಂತ ತಿಳಿಯಾದ ತಿಂಗಳನ್ನು ಆರಿಸಿ ಕರೆಸಿಕೊಂಡರು.

"ಇದೇನತ್ತೆ, ಬಿಸಿಲಲ್ಲಿ ತೋರಿಸ್ತಿದ್ದೀರಿ?" ಎಂದ ಬೇಕರಿಯವನು.

"ಅವಳೇನು ಬಾಡಿಗೆಗೆ ಬಂದಿದ್ದಾಳಾ? ನನ್ನ ತಂಗಿ ಕಣೋ. ಮಂಜಲ್ಲಿ ಕಾಲು ಜಾರಿ ಬಿದ್ರೆ?"

ಮಾತು ಸರಿಯಾಗಿಯೇ ಇತ್ತು. ಕಣ್ಣಿದ್ದವರೇ ತಡವರಿಸುವ ಮಂಜಿಗೆ ಕಣ್ಣಿಲ್ಲದವಳನ್ನು ಯಾರು ಕರೆತಂದಾರು? ಅತ್ತೆ ಮನೆಯಿಂದ ಹಾಲಿನಂಗಡಿಯವರೆಗೆ ತಂಗಿಯ ಕೈಹಿಡಿದು ಓಡಾಡಿಸಿದರು. ಬಾಗಿಲು, ಮೆಟ್ಟಿಲು, ಎಡಕ್ಕೆ ಕಬ್ಬಿಣದ ಕಂಬಿ, ಕಂಬಿ ಹಿಡಿದು ಇಳಿದರೆ ತಿರುವು, ತಿರುವಿನಲ್ಲಿ ಬೇಕರಿಯ ವಾಸನೆ, ಅದರ ಪಕ್ಕದ್ದೇ ಹಾಲಿನಂಗಡಿ. ತಂಗಿಯ ಬೆರಳುಗಳಿಗೆ ದಾರಿ ಬೇಗ ಹತ್ತಿತು. ನಡುನಡುವೆ ಅತ್ತೆ ಊರನ್ನು ವರ್ಣಿಸಿದರು. "ಎದುರಿಗೆ ಬೆಟ್ಟ ಇದೆ. ಹಸಿರಾಗಿದೆ. ತುಂಬಾ ಚೆನ್ನಾಗಿದೆ." ತಂಗಿ "ಹೂಂ" ಎಂದಳು. ಇದ್ದಷ್ಟು ಹೇಳಲು ಅತ್ತೆಗೆ ಮಾತು ಸಾಲಲಿಲ್ಲ.

ಆದರೆ ಅದು ಪ್ರವಾಸಿಗಳ ತಿಂಗಳು. ಬಿಸಿಲು ಬಿದ್ದರೆ ಊರಿನವರಿಗೂ ಬಂದವರಿಗೂ ಕಣ್ಣೇ ಎಲ್ಲ. ದೂರದಿಂದಲೇ ಒಬ್ಬರನ್ನೊಬ್ಬರು ನೋಡಿ, ಮಾತಿಲ್ಲದೆ ಪಕ್ಕಕ್ಕೆ ಸರಿದು ಹೋಗುತ್ತಾರೆ. ಸೈಕಲ್ಲುಗಳು ಇಳಿಜಾರಿನಲ್ಲಿ ಸದ್ದಿಲ್ಲದೆ ಜಾರಿ ಬರುತ್ತವೆ. ಫೋಟೋ ತೆಗೆಯುವವರು ನಡುದಾರಿಯಲ್ಲಿ ಕಂಬದ ಹಾಗೆ ನಿಲ್ಲುತ್ತಾರೆ. ತಂಗಿ ಒಬ್ಬಳೇ ಹೊರಟ ಮೊದಲ ದಿನ ಬೇಕರಿಯವನು ಹೊರಗೆ ಹಾಕಿದ್ದ ಕುರ್ಚಿಗೆ ಎಡವಿದಳು. ಎರಡನೆಯ ಸಲ ಯಾರದೋ ಬೆನ್ನಿಗೆ ಹಾಯ್ದಳು. ಮೂರನೆಯ ಸಲ ಕಂಬಿಯ ಮೇಲೆ ಕೈ ಸರಿಸುತ್ತಾ ಹೋದವಳಿಗೆ, ಲಾಡ್ಜಿನವನು ಅದಕ್ಕೆ ಸರಪಳಿ ಹಾಕಿ ಬಿಗಿದಿದ್ದ ಬಾಡಿಗೆ ಸೈಕಲ್ಲುಗಳು ಅಡ್ಡ ಬಂದವು. ಬಳಸಿಕೊಂಡು ಹೋಗಲು ರಸ್ತೆಗೆ ಇಳಿದಳು. ಕಾರಿನ ಬ್ರೇಕು ಕಿರುಚಿತು.

"ಕಣ್ಣು ಕಾಣಲ್ವೇನ್ರೀ?" ಎಂದು ಒಳಗಿನಿಂದ ಒಬ್ಬ ರೇಗಿದ.

"ಇಲ್ಲಪ್ಪ, ಕಾಣಲ್ಲ" ಎಂದಳು ತಂಗಿ.

ಮನೆಗೆ ಬಂದು ಖಾಲಿ ಪಾತ್ರೆಯನ್ನು ಮೇಜಿನ ಮೇಲಿಟ್ಟಳು. ಅಳಲಿಲ್ಲ. "ಊರು ಚೆನ್ನಾಗಿದೆಯಂತೆ ಅಕ್ಕಾ. ದಾರಿಯಲ್ಲಿ ಎಲ್ಲರೂ ಹೇಳ್ಕೊಂಡು ಹೋಗ್ತಿದ್ರು. ನಾಳೆ ಬೆಳಗಿನ ಬಸ್ಸಿಗೆ ನಾನು ಹೊರಡ್ತೀನಿ."

ಎಷ್ಟೋ ಸಂಸಾರಗಳಿಗೆ ಊರು ಒಗ್ಗುತ್ತದೆ, ಒಗ್ಗುವುದಿಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದ ಬಾಯಿ ಅತ್ತೆಯದು. ಸ್ವಂತ ತಂಗಿಯ ಚೀಲಕ್ಕೆ ಸೀರೆ ಮಡಚಿ ಇಡುವಾಗ ಒಂದು ಮಾತೂ ಏಳಲಿಲ್ಲ.

ಬೆಳಗಾದಾಗ ಕಿಟಕಿಯ ಗಾಜಿನಾಚೆ ಏನೂ ಇರಲಿಲ್ಲ. ಕಾಲವಲ್ಲದ ಕಾಲದಲ್ಲಿ ಕಣಿವೆಯಿಂದ ಮಂಜು ಎದ್ದು ಊರನ್ನು ನುಂಗಿಬಿಟ್ಟಿತ್ತು. ಎದುರು ಮನೆಯೂ ಇಲ್ಲ, ಸ್ವಂತ ಅಂಗಳದ ಗೇಟೂ ಇಲ್ಲ. "ಬಸ್ಸು ಬರುತ್ತೋ ಇಲ್ಲವೋ ಕೇಳ್ಕೊಂಡು ಬರ್ತೀನಿ, ನೀನು ಇಲ್ಲೇ ಕೂತಿರು" ಎಂದು ಅತ್ತೆ ನಿಲ್ದಾಣಕ್ಕೆ ಹೋದರು. ಮಂಜು ಸರಿಯುವವರೆಗೆ ಬಸ್ಸು ಕೆಳಗಿನ ತಪಾಸಣೆ ಗೇಟಿನಿಂದ ಮೇಲಕ್ಕೆ ಹತ್ತುವುದಿಲ್ಲವೆಂದು ತಿಳಿದು, ಕಂಬಿ ಹಿಡಿದು ಮರಳಿ ಬಂದರೆ ಬಾಗಿಲು ತೆರೆದಿತ್ತು. ಕುರ್ಚಿ ಖಾಲಿ. ಮೇಜಿನ ಮೇಲೆ ಪಾತ್ರೆ ಇರಲಿಲ್ಲ.

ಅತ್ತೆ ಮೊಣಕಾಲು ಮರೆತು ಮೆಟ್ಟಿಲಿಳಿದರು. ಕೈ ಚಾಚಿದರೆ ಕೈಯೇ ಕಾಣದು. "ಲೇ! ಎಲ್ಲಿದ್ದೀಯೇ?" ಎಂದು ಕೂಗಿದರು. ನಿಂತು ಕಿವಿಗೊಟ್ಟರು. ಆಗ, ಇಷ್ಟು ವರ್ಷ ಅದರೊಳಗೇ ಓಡಾಡಿದ್ದರೂ ಎಂದೂ ಕೇಳಿಸಿಕೊಳ್ಳದಿದ್ದ ಊರು ಅವರಿಗೆ ಕೇಳಿಸತೊಡಗಿತು.

ಊರಿಗೆ ಊರೇ ಮಾತಾಡುತ್ತಿತ್ತು. "ಬಲಗಡೆ ಇದ್ದೀನಿ, ಸಿಲಿಂಡರ್ ಹೊತ್ಕೊಂಡಿದ್ದೀನಿ, ಸ್ವಲ್ಪ ಸರಿ." "ಮೇಲೆ ಹತ್ತುತ್ತಿದ್ದೀನಿ, ಮಗು ಇದೆ ಜೊತೆಗೆ." ಕಾರುಗಳು ಆಮೆಯಾಗಿದ್ದವು, ಒಂದೊಂದೂ ಸಣ್ಣಗೆ ಹಾರ್ನ್ ಮಾಡುತ್ತಾ ನಡೆಯುವವರ ಹಿಂದೆ ತೆವಳುತ್ತಿದ್ದವು. ತಿರುವಿನಲ್ಲಿ ಬೇಕರಿಯವನು ತಗಡಿನ ತಟ್ಟೆ ಬಡಿಯುತ್ತಿದ್ದ. "ತಿರುವು ಇಲ್ಲಿ, ತಿರುವು ಇಲ್ಲಿ!" ಸೈಕಲ್ಲುಗಳು ಹೊರಗೇ ಬಂದಿರಲಿಲ್ಲ. ಆ ದನಿಗಳ ನಡುವೆ, ಅಳುಕಿಲ್ಲದ, ತುಸು ಅಧಿಕಾರದ್ದೇ ಎನ್ನಬಹುದಾದ ದನಿಯೊಂದು ಏರಿ ಬರುತ್ತಿತ್ತು.

"ಎಡಗಡೆ ಇದ್ದೀನಿ. ಹಾಲು ತರ್ತಿದ್ದೀನಿ. ನನ್ನ ಹಿಂದೆ ಇಬ್ಬರಿದ್ದಾರೆ, ದಾರಿ ತಪ್ಪಿದ್ದಾರೆ ಪಾಪ, ಸೆರಗು ಹಿಡ್ಕೊಂಡಿದ್ದಾರೆ."

ಅತ್ತೆ ಗೋಡೆಗೆ ಒರಗಿದರು. ಮಂಜಿನೊಳಗಿಂದ ಮೊದಲು ಹಾಲಿನ ಪಾತ್ರೆ ಮೂಡಿತು, ಆಮೇಲೆ ಕೈ, ಆಮೇಲೆ ತಂಗಿಯ ಮುಖ. ಹಿಂದೆ ಕ್ಯಾಮೆರಾ ತೂಗುಹಾಕಿಕೊಂಡ ಗಂಡಹೆಂಡತಿ, ಅಂಗನವಾಡಿ ಮಕ್ಕಳ ಹಾಗೆ ಒಬ್ಬರಿಗೊಬ್ಬರು ಜೋತುಬಿದ್ದಿದ್ದರು. ತಂಗಿ ಅವರನ್ನು ಲಾಡ್ಜಿನ ಬಾಗಿಲಿಗೆ ಮುಟ್ಟಿಸಿ ಬಂದಳು.

"ನಿನಗೇನು ಹುಚ್ಚಾ? ಜೀವ ಬಾಯಿಗೆ ಬಂತು ನನಗೆ."

"ಎಲ್ಲರೂ ನನ್ನ ಹಾಗೇ ಆಗಿದ್ದಾರೆ ಅಕ್ಕಾ ಇವತ್ತು. ಎಲ್ಲರೂ ಹೇಳ್ಕೊಂಡು ನಡೀತಿದ್ದಾರೆ! ಇದನ್ನ ನೀನು ಯಾಕೆ ಮೊದಲೇ ತೋರಿಸಲಿಲ್ಲ?" ಆಮೇಲೆ ಮುಖವನ್ನು ಏರಿನ ಕಡೆ ತಿರುಗಿಸಿದಳು. "ಮೇಲೆ ಏನಿದೆ? ಅಲ್ಲಿಂದ ಸದ್ದು ಬೇರೆ ಥರ ಬರ್ತಿದೆ. ತುಂಬಾ ಅಗಲವಾಗಿ."

"ಆಟದ ಬಯಲು."

"ಬಾ, ಹೋಗೋಣ."

ಹಾಲನ್ನು ಒಳಗಿಟ್ಟು ಹೊರಟರು. ಮುಂದೆ ತಂಗಿ, ಅವಳ ಹೆಗಲ ಮೇಲೆ ಕೈಯಿಟ್ಟು ಹಿಂದೆ ಅಕ್ಕ. "ಮೆಟ್ಟಿಲು ಒಡೆದಿದೆ, ನೋಡ್ಕೊಂಡು ಬಾ" ಎಂದು ತಂಗಿ ಎಚ್ಚರಿಸಿದಾಗ ಅತ್ತೆಗೆ ನಗು ಬಂತು. ಬಯಲು ತಲುಪಿ ಅಂಚಿನ ಮೋಟು ಗೋಡೆಗೆ ಕೈ ತಾಗಿದ ಮೇಲೆ ಇಬ್ಬರೂ ನಿಂತರು. ಅಲ್ಲೂ ಬಿಳಿ, ಬರೀ ಬಿಳಿ. ಮೋಡವನ್ನು ಮೇಲಿನಿಂದ ನೋಡುವ ಭಾಗ್ಯ ಅಂದಿರಲಿಲ್ಲ. ಅವರೇ ಅದರ ಹೊಟ್ಟೆಯೊಳಗಿದ್ದರು.

ತಂಗಿ ತಲೆ ಓರೆ ಮಾಡಿದಳು. "ಕೆಳಗೆ ನೀರು ಹರೀತಿದೆ. ತುಂಬಾ ಕೆಳಗೆ." ಅತ್ತೆಗೆ ಮೊದಲು ಏನೂ ಕೇಳಿಸಲಿಲ್ಲ. ಉಸಿರು ಹಿಡಿದು ನಿಂತ ಮೇಲೆ, ನೂಲಿನಷ್ಟು ತೆಳ್ಳಗೆ, ಕೇಳಿಸಿತು. ಎಷ್ಟು ಕೆಳಗೆ ಎಂಬುದು ಅಂಗಾಲಿನಲ್ಲಿ ಜುಮ್ಮೆಂದಿತು. ಗೋಡೆಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

ತಂಗಿ ಬಾಯಿಗೆ ಕೈ ಅಡ್ಡ ಹಿಡಿದು ಒಮ್ಮೆ ಕೂಗಿದಳು. ಕೂಗು ಹೋಯಿತು. ಬಲಗಡೆಯಿಂದ, ಹತ್ತಿರವೇ, ಮರಳಿ ಬಂತು. ಸ್ವಲ್ಪ ತಡೆದು ಎದುರಿನಿಂದ ಬಂತು, ಮೆತ್ತಗೆ. ಮುಗಿಯಿತೆಂದು ಅತ್ತೆ ಬಾಯಿ ತೆರೆಯಬೇಕು, ಅಷ್ಟರಲ್ಲಿ ತಂಗಿ ಅವರ ಕೈ ಒತ್ತಿದಳು. ಎಲ್ಲಿಂದಲೋ, ಎಣಿಸಲಾಗದಷ್ಟು ದೂರದಿಂದ, ದನಿಯ ನೆರಳಿನಂಥದ್ದೊಂದು ಬಂದು ಮುಟ್ಟಿತು.

"ಹಿಂದೆ ಇನ್ನೊಂದು ಬೆಟ್ಟ ಇದೆ" ಎಂದು ಪಿಸುಗುಟ್ಟಿದಳು. "ಅಕ್ಕಾ, ಇದು ಇಷ್ಟು ದೊಡ್ಡದಾ? ನೀನು ಹಸಿರಾಗಿದೆ ಅಂದೆ. ಇಷ್ಟು ದೊಡ್ಡದು ಅಂತ ಯಾಕೆ ಹೇಳಲಿಲ್ಲ?"

ಅತ್ತೆ ಅಲ್ಲಿ ನಿಂತು ಎಷ್ಟೋ ಸೂರ್ಯೋದಯ ನೋಡಿದ್ದರು, ಎಷ್ಟೋ ಜನರಿಗೆ ತೋರಿಸಿದ್ದರು. ಆ ಮೂರನೆಯ ಬೆಟ್ಟ ಅವರಿಗೂ ಹೊಸದು. ಮುಂದಿನದರ ಮರೆಯಲ್ಲಿರುವ ಅದು ಬಯಲಿನಿಂದ ಯಾರ ಕಣ್ಣಿಗೂ ಬೀಳುವಂಥದ್ದಲ್ಲ. "ನನಗೂ ಗೊತ್ತಿರಲಿಲ್ಲ ಕಣೇ" ಎಂದರು. ಇಬ್ಬರೂ ಸರದಿಯಲ್ಲಿ ಕೂಗಿದರು. ವಯಸ್ಸಾದ ಇಬ್ಬರು ಹೆಂಗಸರು ಗೋಡೆಗೆ ಹೊಟ್ಟೆಯಾನಿಸಿ ನಿಂತು, ಕಾಣದ ಬೆಟ್ಟಗಳಿಗೆ ಕೂಗು ಕೊಟ್ಟು, ಅದು ಮರಳುವವರೆಗೆ ಉಸಿರು ಬಿಗಿಹಿಡಿದು ಕಾಯುತ್ತಿದ್ದರು.

ಹೊತ್ತೇರಿದ ಮೇಲೆ ಮಂಜು ತೆಳುವಾಯಿತು. ದೂರದಲ್ಲಿ ಬಸ್ಸು ಏರುವ ಸದ್ದು ಕೇಳಿಸಿತು. ತಂಗಿಯೇ ಮಾತು ತೆಗೆದಳು.

"ವರ್ಷದಲ್ಲಿ ಮಂಜು ಎಷ್ಟು ದಿನ?"

ಆಸೆಯೇ ಬಾಯಿಗೆ ಬಂದಿತ್ತು. ಅತ್ತೆ ಅದನ್ನು ನುಂಗಿಕೊಂಡು, ಬಾಡಿಗೆಗೆ ಬಂದವರೊಡನೆ ಆಡುವ ದನಿಯಲ್ಲಿ ಹೇಳಿದರು. "ಅರ್ಧ ವರ್ಷ ಇರಬಹುದು. ಮಿಕ್ಕ ಅರ್ಧ ನೀನು ನೋಡಿದೆಯಲ್ಲ, ಹಾಗೇ. ಕುರ್ಚಿ, ಸೈಕಲ್ಲು, ಕಾರು. ಅದನ್ನ ಮುಚ್ಚಿಡಲ್ಲ. ಈ ಊರು ನಿನಗೆ ಅರ್ಧ ಆಗುತ್ತೆ, ಅರ್ಧ ಆಗಲ್ಲ."

ತಂಗಿ ಯೋಚಿಸಿದಳು. "ಅಣ್ಣನ ಮನೇಲಿ ಪೂರ್ತಿಯೇ ಆಗಲ್ಲ" ಎಂದಳು. "ಬಸ್ಸು ಹೋಗಲಿ ಬಿಡು."

ಮಿಕ್ಕ ಅರ್ಧಕ್ಕೆ ಅತ್ತೆ ಕೈಹಾಕಿದರು. ಊರಿನ ಬಾಡಿಗೆದಾರರಲ್ಲಿ ಮುಕ್ಕಾಲು ಪಾಲು ಅವರೇ ಒಳಗೆ ಬಿಟ್ಟವರು, ಎದುರು ಮಾತಾಡುವಂತಿರಲಿಲ್ಲ. ಲಾಡ್ಜಿನವನು ಸೈಕಲ್ಲುಗಳನ್ನು ಕಂಬಿಯಿಂದ ಬಿಚ್ಚಲೇಬೇಕಾಯಿತು. ಬೇಕರಿಯವನ ಕುರ್ಚಿಗಳು ಗೋಡೆಗೆ ಸರಿದವು. "ಬಿಸಿಲಿದ್ರೆ ಬಾಯಿಗೆ ಬೀಗ ಹಾಕ್ಕೋಬೇಕು ಅಂತ ಯಾರು ಹೇಳಿದ್ರು? ತಿರುವಲ್ಲಿ ಒಂದು ಮಾತು ಹೇಳಿ ಹೋಗಿ" ಎಂದು ಕಂಡಕಂಡವರಿಗೆಲ್ಲ ಹೇಳಿದರು. ಕೆಲವರು ನಕ್ಕರು, ಕೆಲವರು ಮರೆತರು. ಪ್ರವಾಸಿಗಳಿಗಂತೂ ಯಾವುದೂ ತಲುಪಲಿಲ್ಲ. ಎಡವುವ ದಿನಗಳು ಉಳಿದೇ ಉಳಿದವು. ಅಂಥ ದಿನ ಅಕ್ಕತಂಗಿಯರು ಮನೆಯೊಳಗೆ ಜಗಳವಾಡಿಕೊಂಡು ಕೂರುತ್ತಿದ್ದರು. ಹೀಗೆಯೇ ಕೆಲವು ವರ್ಷ ಕಳೆದವು.

ಅತ್ತೆ ಹೋದದ್ದು ಮಧ್ಯಾಹ್ನದ ನಿದ್ದೆಯಲ್ಲಿ. ಆ ಮನೆಗೆ ಹೋಗಿಬರುವ ಅಭ್ಯಾಸವಿದ್ದವರ ಕಾಲುಗಳು ಇನ್ನೂ ಆ ಮೆಟ್ಟಿಲಿನ ಮುಂದೆ ತಾವಾಗಿಯೇ ನಿಧಾನವಾಗುತ್ತವೆ. ಕಾರ್ಯಗಳೆಲ್ಲ ಮುಗಿದ ಮೇಲೆ ಅಣ್ಣ ದೊಡ್ಡದೊಂದು ಸೂಟ್‌ಕೇಸು ಹಿಡಿದು ತಂಗಿಯನ್ನು ಕರೆದೊಯ್ಯಲು ಬಂದ. ಅಂದು ಒಂದು ಎಳೆ ಮೋಡವೂ ಇರಲಿಲ್ಲ.

"ಇನ್ನು ಯಾರಿದ್ದಾರಮ್ಮ ಇಲ್ಲಿ? ಬಾ. ಅವಳಿದ್ದಳು, ನಡೀತು."

"ಕೂತಿರಣ್ಣ. ಮನೇಲಿ ಹಾಲಿಲ್ಲ" ಎಂದು ತಂಗಿ ಪಾತ್ರೆ ತೆಗೆದುಕೊಂಡಳು.

ಅಣ್ಣ ಎದ್ದ. ಬಾಗಿಲಿನವರೆಗೆ ಬಂದ. ಅಲ್ಲಿ ಏನೆನ್ನಿಸಿತೋ, ನಿಂತ. ಅವಳು ಕಂಬಿ ಹಿಡಿದು ಇಳಿಯುತ್ತಿದ್ದಳು. ಗ್ಯಾಸಿನವನು "ಎದುರಿಗೆ ಬರ್ತಿದ್ದೀನಿ ಅಕ್ಕಾ" ಎಂದು ಹೇಳಿ ಸರಿದ. ಮ್ಯಾನೇಜರು ಫೋನಿನಿಂದ ತಲೆಯೆತ್ತಿ "ಬಲಗಡೆ ಇದ್ದೀನಿ" ಎಂದರು. ತಿರುವಿನಲ್ಲಿ ಮಾತ್ರ ಫೋಟೋ ತೆಗೆಯುವ ಗುಂಪೊಂದು ಅಡ್ಡ ನಿಂತಿತ್ತು, ಯಾರೂ ಏನೂ ಹೇಳಲಿಲ್ಲ. ಅಣ್ಣನ ಕಾಲು ಮುಂದೆ ಬಂತು. ತಂಗಿ ನಿಂತಳು, ಕಾದಳು, "ಸ್ವಲ್ಪ ಜಾಗ ಬಿಡಿ, ನನಗೆ ಕಣ್ಣು ಕಾಣಲ್ಲ" ಎಂದು ಗಟ್ಟಿಯಾಗಿ ಹೇಳಿದಳು. ಗುಂಪು ಎರಡಾಗಿ ಸರಿಯಿತು. ಅವಳು ತಿರುವಿನಾಚೆ ಹೋದಳು, ಕಾಣದಾದಳು. ಅವಳ ಹಿಂದೆ, ಎತ್ತರೆತ್ತರಕ್ಕೆ, ಬಿಸಿಲಿನಲ್ಲಿ ನಿಂತಿದ್ದ ಬೆಟ್ಟವನ್ನು ಅಣ್ಣ ಆಗಲೇ ಮೊದಲ ಸಲ ನೋಡಿದ. ಬಾಗಿಲಿನ ಚೌಕಟ್ಟು ಹಿಡಿದು ನೋಡುತ್ತಲೇ ಇದ್ದ.

ತಂಗಿ ಬಂದಳು. ಹಾಲು ಒಲೆಯ ಮೇಲಿಟ್ಟಳು. ಉಕ್ಕುವ ಸದ್ದಿಗೆ ಕಿವಿಗೊಟ್ಟು, ಸರಿಯಾದ ಹೊತ್ತಿಗೆ ಒಲೆ ಆರಿಸಿದಳು.

"ಸಕ್ಕರೆ ಎಷ್ಟು ಹಾಕಲಿ ನಿನಗೆ?"

ಅಣ್ಣ ಚೌಕಟ್ಟು ಬಿಟ್ಟು ಒಳಗೆ ಬಂದು ಕೂತ. "ಒಂದು ಚಮಚ" ಎಂದ. ಟೀ ಕುಡಿದು, ಖಾಲಿ ಸೂಟ್‌ಕೇಸು ಹಿಡಿದು, ಸಂಜೆಯ ಬಸ್ಸಿಗೆ ಅವನೊಬ್ಬನೇ ಇಳಿದು ಹೋದ.